ಜೀರಿಗೆ ಕುಳಿತ ಜಾಗಗಳು

ಮಾರ್ಚ್ ೪, ಮಂಗಳವಾರ

ಇವತ್ತು ನನ್ನ ತಮ್ಮನ ಲಾರಿಯ ಪಕ್ಕ ಜೀರಿಗೆ ಕುಳಿತುಬಿಟ್ಟಳು.

ಇಲಾಖೆಯ ಲಾಗ್ ಪುಸ್ತಕದಲ್ಲಿ ಬರೆದು ಸಹಿ ಹಾಕಿ ಬಂದಿದ್ದೇನೆ: ಹನ್ನೊಂದು ನಲವತ್ತು, ಮೂರನೇ ಸಾಲು, ಕ್ಯಾಬಿನ್ನಿನ ಎಡ ಬಾಗಿಲು, ಸ್ಪಷ್ಟ ಸೂಚನೆ. ಅಲ್ಲಿ ನಾಯಿಯ ಬಗ್ಗೆ ಬರೆಯಲು ಒಂಬತ್ತು ಕಾಲಂ ಇವೆ, ನಾಯಿ ಹಿಡಿದವಳ ಬಗ್ಗೆ ಒಂದೂ ಇಲ್ಲ. ಹೊಟ್ಟೆಯೊಳಗಿನದನ್ನು ಎಲ್ಲಾದರೂ ಇಳಿಸಲೇಬೇಕಲ್ಲ, ಅದಕ್ಕೆ ಈ ನೋಟ್‌ಬುಕ್ಕು. ಯಾರಾದರೂ ಕದ್ದು ಓದಿದರೆ ಕೈ ಮುರಿಯುತ್ತೇನೆ.

ಜೀರಿಗೆ ನನ್ನ ಕೈಗೆ ಬಂದು ಐದು ವರ್ಷವಾಯಿತು. ಗಡಿ ದಾಟುವ ಲಾರಿಗಳ ಸುತ್ತ ಅವಳನ್ನು ನಡೆಸುವುದು ನನ್ನ ಕೆಲಸ. ಮಾದಕ ಪುಡಿಯ ವಾಸನೆ ಸಿಕ್ಕರೆ ಅವಳು ಬೊಗಳುವುದಿಲ್ಲ, ಕೆರೆಯುವುದಿಲ್ಲ, ಸುಮ್ಮನೆ ಕುಳಿತುಕೊಳ್ಳುತ್ತಾಳೆ. ಕುಳಿತಳೆಂದರೆ ಮುಗಿಯಿತು, ಯಾರಪ್ಪ ಬಂದರೂ ಏಳಿಸಲಾಗುವುದಿಲ್ಲ. ಮನುಷ್ಯರು ಸುಳ್ಳು ಹೇಳುತ್ತಾರೆ, ಕಾಗದಪತ್ರ ಸುಳ್ಳು ಹೇಳುತ್ತವೆ, ನಾಯಿ ಹೇಳುವುದಿಲ್ಲ.

ನನ್ನ ತಮ್ಮ ಆ ಪುಡಿಯ ಹಿಂದೆ ಬಿದ್ದು ಆರು ವರ್ಷ ಹಾಳು ಮಾಡಿಕೊಂಡವನು. ಬಿಟ್ಟು ಹತ್ತೊಂಬತ್ತು ತಿಂಗಳಾಯಿತಂತೆ. ಲಾರಿ ಹಿಡಿದು ಐದು ತಿಂಗಳು. ಯಾವಾಗಲೂ ಮಧ್ಯಾಹ್ನ, ನನ್ನ ಪಾಳಿ ಮುಗಿದ ಮೇಲೆ ದಾಟುತ್ತಿದ್ದವನು ಇವತ್ತು ಬೆಳಿಗ್ಗೆಯೇ ಬಂದ. ಸ್ವಂತದವರ ಗಾಡಿ ಬಂದರೆ ‘ಸಂಬಂಧಿ’ ಎಂದು ಬರೆದುಕೊಟ್ಟು ಪಕ್ಕಕ್ಕೆ ನಿಲ್ಲಬೇಕೆಂಬ ನಿಯಮವಿದೆ. ನಾನು ಬರೆದುಕೊಡಲಿಲ್ಲ. ಒಳ್ಳೆಯದೇ ಆಯಿತು, ಇವತ್ತು ಗೊತ್ತಾಗಿಹೋಗಲಿ ಅಂದುಕೊಂಡೆ.

ಆರುನೂರ ನಲವತ್ತು ಪ್ಲಾಸ್ಟಿಕ್ ಕುರ್ಚಿ ಇಳಿಸಿದರು. ಚಕ್ರ ಬಿಚ್ಚಿದರು, ಸೀಟು ಹರಿದರು, ಡ್ಯಾಶ್‌ಬೋರ್ಡಿನ ಒಂದೊಂದು ಸ್ಕ್ರೂ ತೆಗೆದರು. ನಾಲ್ಕು ಗಂಟೆ ಹುಡುಕಿದರೂ ಏನೂ ಸಿಗಲಿಲ್ಲ. ತಮ್ಮನ ಮೂತ್ರ ಪರೀಕ್ಷೆಯಲ್ಲೂ ಏನೂ ಇಲ್ಲ. ಸುಸ್ತಾದ ಸಿಬ್ಬಂದಿಯೆಲ್ಲ ಅವನದೇ ಕುರ್ಚಿಗಳ ಮೇಲೆ ಕುಳಿತು ಟೀ ಕುಡಿದರು. ಅವನೊಬ್ಬನೇ ನಿಂತಿದ್ದ.

“ಅಕ್ಕಾ, ಏನಾದ್ರೂ ಸಿಕ್ತಾ?”

“ಜೀರಿಗೆ ಸುಮ್ಸುಮ್ನೆ ಕೂರಲ್ಲ ಕಣೋ.”

“ಸಿಕ್ತಾ ಅಂತ ಕೇಳ್ದೆ.”

ನಾನು ಜೀರಿಗೆಗೆ ನೀರು ಕುಡಿಸಲು ಹೋದೆ.

ಮಾರ್ಚ್ ೬, ಗುರುವಾರ

ಬೆಳಿಗ್ಗೆಯೇ ಅಮ್ಮನ ಫೋನು. ಮಾಲೀಕ ತಮ್ಮನಿಂದ ಲಾರಿಯ ಬೀಗದ ಕೈ ಕಿತ್ತುಕೊಂಡನಂತೆ.

ನನಗೆ ಗೊತ್ತಿದ್ದದ್ದೇ. ಏಳು ದೇಶಗಳು ಸೇರಿ ಮಾಡಿಕೊಂಡ ಒಪ್ಪಂದವದು. ಒಂದು ಗಡಿಯಲ್ಲಿ ನಾಯಿ ಕುಳಿತರೆ ಸಾಕು, ಮಾಲು ಸಿಗಲಿ ಬಿಡಲಿ, ಚಾಲಕನ ಹೆಸರು ಜಂಟಿ ಎಚ್ಚರಿಕೆ ಪಟ್ಟಿಗೆ ಹೋಗುತ್ತದೆ. ಏಳು ಗಡಿಗಳಲ್ಲೂ ಅವನ ಪರವಾನಗಿ ಅಮಾನತು. ಕಳ್ಳಸಾಗಣೆಯವರಿಗೆ ಗಡಿ ಇಲ್ಲ, ನಮಗೇಕೆ ಇರಬೇಕು ಎಂದು ತರಬೇತಿಯಲ್ಲಿ ಹೇಳಿದ್ದರು. ಸರಿಯಾದ ಮಾತೇ. ನಾನೇ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ್ದೆ.

“ನಾಯಿ ಮಾತು ಕೇಳಿ ಒಡಹುಟ್ಟಿದವನ ಹೊಟ್ಟೆ ಮೇಲೆ ಹೊಡೆದ್ಯಲ್ಲೇ,” ಅಂದಳು ಅಮ್ಮ.

“ಅವನು ಹಿಂದೆ ಎಷ್ಟು ಸಲ ಬಿಟ್ಟೆ ಬಿಟ್ಟೆ ಅಂದಿಲ್ಲ? ನಿನ್ನ ಬಳೆ ಯಾರು ಮಾರಿದ್ದು?”

“ಅವನೇ ಮಾರಿದ್ದು. ಇಲ್ಲ ಅಂದ್ನಾ? ಈಗ ಬಿಟ್ಟಿದಾನೆ ಅಂತ ಹೇಳ್ತಿದೀನಿ. ಕಾಮಾಲೆ ಕಣ್ಣಿಗೆ ಕಾಣೋದೆಲ್ಲಾ ಹಳದಿ.”

ಫೋನ್ ಇಟ್ಟ ಮೇಲೆ ಯೋಚಿಸಿದೆ. ಕುರ್ಚಿ ತುಂಬಿದವರ ಕೈಯಿಂದ ವಾಸನೆ ಬಂದಿರಬಹುದೇ? ಹಳೆಯ ಜಾಕೆಟ್ಟಿನಿಂದ? ಅಥವಾ ಅವನು ದಾರಿಯಲ್ಲೆಲ್ಲೋ ಇಳಿಸಿ ಬಂದನೇ? ಇಳಿಸಿ ಬಂದಿದ್ದರೆ ಮೂತ್ರದಲ್ಲಿ ಏಕಿಲ್ಲ? ಮಾರುವವನು ತಾನೇ ತಿನ್ನಬೇಕೆಂದೇನಿಲ್ಲವಲ್ಲ. ತಲೆ ಮೊಸರುಗಡಿಗೆಯಾಗಿದೆ.

ಮಾರ್ಚ್ ೧೨, ಬುಧವಾರ

ಠಾಣೆಯ ಮುಖ್ಯಸ್ಥರು ನನ್ನನ್ನು ಕೊಠಡಿಗೆ ಕರೆದು ಕುರ್ಚಿ ತೋರಿಸಿದರು. ನಮ್ಮ ಸಾಹೇಬರು ಯಾರಿಗೂ ಕುರ್ಚಿ ತೋರಿಸುವವರಲ್ಲ. ಸಂಬಂಧಿ ಎಂದು ಬರೆದುಕೊಡದ ತಪ್ಪಿಗೆ ಮೆಮೋ ಇರಬೇಕು ಅಂದುಕೊಂಡೆ.

“ಏಳು ದೇಶದ ಸಮಿತಿ ನಿಮಗೆ ಪ್ರಶಸ್ತಿ ಕೊಡ್ತಿದೆ ಕಣಮ್ಮ. ಸ್ವಂತ ತಮ್ಮನನ್ನೂ ಬಿಡಲಿಲ್ಲ ಅಂತ. ಮುಂದಿನ ತಿಂಗಳು ಸಮಾರಂಭ. ನಮ್ಮ ಠಾಣೆ ಹೆಸರು ಎಲ್ಲಾ ಕಡೆ ಹೋಗುತ್ತೆ.”

“ಆದ್ರೆ ಸಾರ್, ಏನೂ ಸಿಗಲಿಲ್ಲವಲ್ಲ.”

“ಸಿಗೋದು ಬಿಡೋದು ಬೇರೆ ವಿಷಯ. ನಿಷ್ಠೆ ಮುಖ್ಯ.”

ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಸಾಹೇಬರನ್ನು ಮೀರಿಸುವವರಿಲ್ಲ. ಆದರೂ ಖುಷಿಯಾಯಿತು. ಸುಳ್ಳೇಕೆ ಹೇಳಲಿ, ತುಂಬಾ ಖುಷಿಯಾಯಿತು. ರಾತ್ರಿ ಊಟ ಸೇರಲಿಲ್ಲ, ಏಕೋ.

ಮಾರ್ಚ್ ೧೩, ಗುರುವಾರ

ಫೋಟೋ ತೆಗೆದರು. ಜೀರಿಗೆ ಚೆನ್ನಾಗಿ ಬಂದಿದ್ದಾಳೆ. ನನ್ನದರಲ್ಲಿ ಬಾಯಿ ತೆರೆದಿದೆ.

ಮಾರ್ಚ್ ೧೯, ಬುಧವಾರ

ಒಪ್ಪಂದದ ಪ್ರಕಾರ ಬೇರೆ ದೇಶದಿಂದ ಒಬ್ಬ ತರಬೇತುದಾರ ಬಂದಿದ್ದಾರೆ, ನಾಯಿಗಳನ್ನೂ ನಾಯಿಯವರನ್ನೂ ಪರೀಕ್ಷಿಸಲು. ಅರವತ್ತು ದಾಟಿದ ಮನುಷ್ಯ. ಜೊತೆಗೊಬ್ಬ ದುಭಾಷಿ. ಬಂದ ಅರ್ಧ ಗಂಟೆಯಲ್ಲೇ ಎಲ್ಲರೂ ಅವರನ್ನು ಮೇಷ್ಟ್ರು ಅನ್ನತೊಡಗಿದರು. ಜೀರಿಗೆ ಅವರ ಬೂಟು ಮೂಸಿ ಬಾಲ ಆಡಿಸಿದಳು. ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು.

ಗೋದಾಮಿನಲ್ಲಿ ಆರು ಮರದ ಪೆಟ್ಟಿಗೆ ಸಾಲಾಗಿಟ್ಟಿದ್ದರು. ನನ್ನ ಕೈಗೆ ಒಂದು ಚೀಟಿ ಕೊಟ್ಟರು: ಮಾಲು ನಾಲ್ಕನೆಯದರಲ್ಲಿದೆ. ನಾಯಿ ಕಂಡುಹಿಡಿಯುತ್ತದೆಯೇ ನೋಡೋಣ ಅಂದರು. ಇದೇನು ಮಹಾ ಪರೀಕ್ಷೆ ಅಂದುಕೊಂಡು ಜೀರಿಗೆಯನ್ನು ನಡೆಸಿದೆ. ಒಂದು, ಎರಡು, ಮೂರು. ನಾಲ್ಕನೆಯದರ ಮುಂದೆ ಕುಳಿತಳು, ರಾಣಿಯ ಹಾಗೆ. ಜೇಬಿನಿಂದ ಚೆಂಡು ತೆಗೆದುಕೊಟ್ಟೆ. ಅದು ಅವಳ ಬಹುಮಾನ.

ಮೇಷ್ಟ್ರು ಆರೂ ಪೆಟ್ಟಿಗೆಗಳ ಮುಚ್ಚಳ ತೆಗೆದರು. ಆರೂ ಖಾಲಿ.

“ಇವು ಇವತ್ತೇ ಮಾಡಿಸಿದ ಪೆಟ್ಟಿಗೆಗಳಂತೆ. ಯಾವತ್ತೂ ಏನೂ ಇಟ್ಟಿಲ್ಲವಂತೆ,” ಅಂದರು ದುಭಾಷಿ.

“ಇದು ಮೋಸ! ಸುಳ್ಳು ಚೀಟಿ ಕೊಟ್ಟು ನಾಯಿಗೆ ಅವಮಾನ ಮಾಡ್ತೀರಾ?” ಎಂದು ಕೂಗಾಡಿದೆ. ಇನ್ನೊಬ್ಬ ನಾಯಿಯವನ ನಾಯಿಯೂ ಖಾಲಿ ಪೆಟ್ಟಿಗೆಯ ಮುಂದೆಯೇ ಕುಳಿತಿತು. ಅವನು ನಕ್ಕುಬಿಟ್ಟ. ನನಗೆ ನಗು ಬರಲಿಲ್ಲ.

ಮೇಷ್ಟ್ರು ಏನೋ ಹೇಳಿದರು. ದುಭಾಷಿ ಹೇಳಿದರು: “ಚೀಟಿ ಓದಿದ್ದು ನಾಯಿಯಲ್ಲವಲ್ಲ, ಅಂತಾರೆ.”

ಮಾರ್ಚ್ ೨೦, ಗುರುವಾರ

ಮೇಷ್ಟ್ರ ಹತ್ತಿರ ಹೋಗಿ, ನನ್ನ ತಮ್ಮನ ಲಾರಿಯ ದಿನದ ಕ್ಯಾಮೆರಾ ಚಿತ್ರ ನೋಡಿ ಹೇಳಿ ಅಂದೆ. ನಾನೇ ಕೇಳಿದ್ದು. ಏಕೆ ಕೇಳಿದೆನೋ. ನಾಯಿ ಸರಿ ಎಂದು ಅವರ ಬಾಯಿಂದಲೇ ಹೇಳಿಸಬೇಕೆಂದಿತ್ತೋ ಏನೋ.

ಹನ್ನೊಂದು ನಲವತ್ತು. ಪರದೆಯ ಮೇಲೆ ನಾನು ನಡೆಯುತ್ತಿದ್ದೇನೆ. ಕ್ಯಾಬಿನ್ನಿನ ಎಡ ಬಾಗಿಲು ಬಂತು. ಮೇಷ್ಟ್ರು ಅಲ್ಲಿ ನಿಲ್ಲಿಸಿದರು. ನನ್ನ ಎಡಗಾಲು ನಿಂತಿದೆ. ಹಗ್ಗ ಒಂದು ಗೇಣು ಗಿಡ್ಡವಾಗಿದೆ. ಜೀರಿಗೆ ಬಾಗಿಲ ಕಡೆ ನೋಡುತ್ತಿಲ್ಲ. ತಲೆಯೆತ್ತಿ ನನ್ನ ಮುಖ ನೋಡುತ್ತಿದ್ದಾಳೆ. ಅದಾದ ಎರಡು ಸೆಕೆಂಡಿಗೆ ಕುಳಿತಳು.

ಐದು ಸಲ ಹಾಕಿಸಿ ನೋಡಿದೆ. ಐದು ಸಲವೂ ಮೊದಲು ನಿಂತದ್ದು ನನ್ನ ಕಾಲು. ಆಣೆ ಮಾಡಿ ಹೇಳುತ್ತೇನೆ, ನಾನು ನಿಲ್ಲಿಸಲಿಲ್ಲ.

“ಹಾಗಾದ್ರೆ ಜೀರಿಗೆ ಮೋಸ ಮಾಡಿದ್ಳಾ?”

“ನಾಯಿ ತಪ್ಪು ಮಾಡಿಲ್ಲ ಅಂತಾರೆ. ನೀವು ಏನು ಕೇಳಿದ್ರೋ ಅದನ್ನ ಕೊಟ್ಟಿದೆಯಂತೆ. ಇದರ ಮೂಗು ತುಂಬಾ ಚೆನ್ನಾಗಿದೆ, ನಿಮ್ಮ ಮೇಲಿನ ಪ್ರೀತಿ ಅದಕ್ಕಿಂತ ಜಾಸ್ತಿ ಇದೆ ಅಂತಾರೆ.”

ನಾನು ಏನು ಕೇಳಿದೆ? ತಮ್ಮ ಸಿಕ್ಕಿಬೀಳಲಿ ಎಂದು ಯಾವ ಅಕ್ಕ ಕೇಳುತ್ತಾಳೆ? ನನಗೇನೂ ಅರ್ಥವಾಗುತ್ತಿಲ್ಲ.

ಮಾರ್ಚ್ ೨೩, ಭಾನುವಾರ

ಅಮ್ಮನ ಮನೆಗೆ ಹೋದೆ. ತಮ್ಮ ನೆಲದ ಮೇಲೆ ಕೆಟ್ಟ ಫ್ಯಾನ್ ಹರಡಿಕೊಂಡು ಕುಳಿತಿದ್ದ. ಬೀದಿಯವರ ಫ್ಯಾನು, ಮಿಕ್ಸರು ರಿಪೇರಿ ಮಾಡುತ್ತಿದ್ದಾನಂತೆ. ಕ್ಯಾಮೆರಾ ವಿಷಯ ಹೇಳಬೇಕೆಂದು ಹೋಗಿದ್ದೆ. ಹೇಗೆ ಶುರು ಮಾಡುವುದೆಂದು ಅವನನ್ನೇ ನೋಡುತ್ತಾ ನಿಂತೆ.

“ಕಣ್ಣು ನೋಡ್ತಿದ್ದೀಯಾ? ಬಾ, ಬೆಳಕಿಗೆ ಬರ್ತೀನಿ, ಸರಿಯಾಗಿ ನೋಡು,” ಅಂದ.

“ನಾನು ಅದಕ್ಕೆ ನೋಡ್ಲಿಲ್ಲ ಕಣೋ.”

“ಬಂದಾಗಿಂದ ಅದನ್ನೇ ನೋಡ್ತಿದ್ದೀಯ ಅಕ್ಕ. ಎರಡು ವರ್ಷದಿಂದ ನೀನು ನನ್ನ ಮುಖ ನೋಡಿಲ್ಲ. ಬರೀ ಕಣ್ಣಿನ ಗೊಂಬೆ ದೊಡ್ಡದಾಗಿದ್ಯಾ ಚಿಕ್ಕದಾಗಿದ್ಯಾ, ಪುಡಿ ತಗೊಂಡಿದೀನಾ ಅಂತ ನೋಡೋದು.”

ಮೈಯೆಲ್ಲ ಉರಿಯಿತು. “ಆರು ವರ್ಷ ಕುಣಿಸಿದವನು ನೀನು! ಆಸ್ಪತ್ರೆಯಿಂದ ಆಸ್ಪತ್ರೆಗೆ ಹೊತ್ಕೊಂಡು ಓಡಾಡಿದವಳು ನಾನು!” ಅಂದೆ. ಅವನು ಸ್ಕ್ರೂಡ್ರೈವರ್ ಎತ್ತಿಕೊಂಡು ಕೆಲಸ ಮುಂದುವರಿಸಿದ. ಅಮ್ಮ ಇಬ್ಬರಿಗೂ ಟೀ ತಂದಿಟ್ಟಳು, ಮಾತಾಡಲಿಲ್ಲ. ಹೇಳಬೇಕೆಂದು ಹೋದದ್ದನ್ನು ಹೇಳದೆಯೇ ಬಂದೆ.

ಮಾರ್ಚ್ ೨೬, ಬುಧವಾರ

ಐದು ವರ್ಷದ ಲಾಗ್ ಪುಸ್ತಕಗಳನ್ನು ಕಪಾಟಿನಿಂದ ಇಳಿಸಿದೆ. ಜೀರಿಗೆ ಕುಳಿತು ಮಾಲು ಸಿಕ್ಕಿದ್ದು ಹದಿನೇಳು ಸಲ. ಅದು ನನಗೆ ಬಾಯಿಪಾಠ, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಕುಳಿತೂ ಮಾಲು ಸಿಗದೇ ಇದ್ದದ್ದು ಎಷ್ಟು ಸಲ ಎಂದು ಇವತ್ತಿನವರೆಗೆ ನೋಡಿರಲಿಲ್ಲ. ಹನ್ನೆರಡು, ನನ್ನ ತಮ್ಮನನ್ನೂ ಸೇರಿಸಿ.

ಪ್ರತಿ ಸಲವೂ ಕೊನೆಯ ಕಾಲಂನಲ್ಲಿ ನನ್ನದೇ ಕೈಬರಹ: ‘ಹಳೆಯ ವಾಸನೆ ಇರಬಹುದು.’ ಹನ್ನೆರಡೂ ಹೆಸರು ಪಟ್ಟಿಗೆ ಹೋಗಿವೆ. ಗಿಡದ ಸಸಿ ತರುತ್ತಿದ್ದ ಒಬ್ಬ ಹೆಂಗಸು. ಮಗಳ ಪರೀಕ್ಷೆಯಿದೆ, ಬೇಗ ಬಿಡಿ ಎಂದು ಗೋಗರೆದವನೊಬ್ಬ. ಅವನ ಮುಖ ನೆನಪಿದೆ. ಆತುರಪಡುತ್ತಿದ್ದಾನೆ, ಏನೋ ಇದೆ ಅಂದುಕೊಂಡಿದ್ದೆ.

ಎಂಟು ಜನರ ವಿವರದಲ್ಲಿ ‘ಕೈ ನಡುಗುತ್ತಿತ್ತು’ ಎಂದು ಬರೆದಿದ್ದೇನೆ. ಆ ಆರು ವರ್ಷ ನನ್ನ ತಮ್ಮನ ಕೈ ಹಾಗೆಯೇ ನಡುಗುತ್ತಿತ್ತು, ಲೋಟ ಹಿಡಿಯಲೂ ಆಗುತ್ತಿರಲಿಲ್ಲ. ಜೀರಿಗೆ ಯಾರ ಕೈಯನ್ನೂ ನೋಡುವುದಿಲ್ಲವಲ್ಲ. ನೋಡಿದ್ದು ಯಾರು ಹಾಗಾದರೆ?

ಮಾರ್ಚ್ ೩೧, ಸೋಮವಾರ

ಸಾಹೇಬರಿಗೆ ಎಲ್ಲ ಹೇಳಿದೆ. ಮೇಷ್ಟ್ರ ವರದಿಯನ್ನು ಅವರೂ ಓದಿದ್ದರು. ಬಾಗಿಲು ಹಾಕಿಕೊಂಡರು.

“ನೋಡಮ್ಮ, ಇದನ್ನ ಬರವಣಿಗೆಯಲ್ಲಿ ಕೊಟ್ರೆ ಜೈಲಲ್ಲಿರೋ ಹದಿನೇಳು ಜನರ ವಕೀಲರೂ ನಾಳೆ ನಮ್ಮ ಗೇಟಿನ ಮುಂದೆ ಕ್ಯೂ ನಿಲ್ತಾರೆ. ನಾಯಿ ಸರಿಯಿಲ್ಲ ಅಂತ ಪೊಲೀಸರೇ ಒಪ್ಕೊಂಡಿದಾರೆ ಅಂತಾರೆ. ಅದ್ರಲ್ಲಿ ಶಾಲೆ ಮಕ್ಕಳಿಗೆ ಮಾರ್ತಿದ್ದವರು ಇಬ್ಬರಿದಾರೆ. ಅವರು ಹೊರಗೆ ಬರ್ಬೇಕಾ?”

“ಅವರ ಹತ್ರ ಮಾಲು ಸಿಕ್ಕಿದೆಯಲ್ಲ ಸಾರ್.”

“ಕೋರ್ಟಲ್ಲಿ ನಾನೂ ಅದನ್ನೇ ಹೇಳ್ಬೇಕು. ಅವರು ಕೇಳ್ಬೇಕಲ್ಲ.” ಆಮೇಲೆ ದನಿ ತಗ್ಗಿಸಿದರು. “ನಿಮ್ಮ ತಮ್ಮನ ಹೆಸರೊಂದನ್ನ ನಾನು ಮಾತಾಡಿ ಪಟ್ಟಿಯಿಂದ ತೆಗಿಸ್ತೀನಿ. ಕುರ್ಚಿ ತುಂಬಿದ ಜಾಗದಲ್ಲಿ ವಾಸನೆ ಇತ್ತು ಅಂತ ಒಂದು ಸಾಲು ಬರೆದ್ರೆ ಸಾಕು. ಹತ್ತು ದಿನದಲ್ಲಿ ಲಾರಿ ಹತ್ತುತ್ತಾನೆ. ಮಿಕ್ಕಿದ್ದು ಮರೆತುಬಿಡಿ. ನಾಯಿ ಉಳಿಯುತ್ತೆ, ಪ್ರಶಸ್ತಿನೂ ಉಳಿಯುತ್ತೆ.”

ಸಾಹೇಬರು ಕೆಟ್ಟವರಲ್ಲ. ನನ್ನ ಮೇಲೆ ಅಕ್ಕರೆಯಿಂದಲೇ ಹೇಳಿದರು. ಯೋಚಿಸಿ ಹೇಳುತ್ತೇನೆಂದು ಎದ್ದು ಬಂದೆ.

ಏಪ್ರಿಲ್ ೧, ಮಂಗಳವಾರ

ಬಿಸಿ ತುಪ್ಪ. ನುಂಗಲೂ ಆಗುತ್ತಿಲ್ಲ, ಉಗುಳಲೂ ಆಗುತ್ತಿಲ್ಲ.

ಏಪ್ರಿಲ್ ೨, ಬುಧವಾರ

ಆ ಒಂದು ಸಾಲು ಬರೆದೆ. ಚೆನ್ನಾಗಿತ್ತು. ತಮ್ಮ ಲಾರಿ ಹತ್ತುತ್ತಾನೆ, ಅಮ್ಮ ಮಾತಾಡುತ್ತಾಳೆ, ಶಾಲೆಯ ಮುಂದೆ ಮಾರುವವರು ಒಳಗೇ ಇರುತ್ತಾರೆ. ಯಾರಿಗೂ ನಷ್ಟವಿಲ್ಲ. ಸಸಿಯ ಹೆಂಗಸು ಈಗ ಏನು ಮಾಡುತ್ತಿದ್ದಾಳೋ. ಹಾಳೆ ಹರಿದೆ. ಮತ್ತೆ ಬರೆದೆ. ಮತ್ತೆ ಹರಿದೆ. ಕಸದ ಬುಟ್ಟಿ ತುಂಬಿತು.

ಏಪ್ರಿಲ್ ೫, ಶನಿವಾರ

ತಮ್ಮನನ್ನೇ ಕೇಳಿಬಿಡೋಣವೆಂದು ಹೋದೆ. ಈ ಸಲ ಬಾಗಿಲಲ್ಲೇ ಎಲ್ಲ ಹೇಳಿಬಿಟ್ಟೆ: ಖಾಲಿ ಪೆಟ್ಟಿಗೆ, ನನ್ನ ಕಾಲು, ಹನ್ನೆರಡು ಹೆಸರು, ಸಾಹೇಬರ ಮಾತು. ಒಬ್ಬನದಾದರೆ ಹತ್ತು ದಿನ, ಹನ್ನೆರಡು ಜನರದಾದರೆ ಎಷ್ಟು ತಿಂಗಳೋ ಗೊತ್ತಿಲ್ಲ ಅಂದೆ.

ಅಮ್ಮನೇ ಮೊದಲು ಬಾಯಿಬಿಟ್ಟಳು: “ಇದ್ರಲ್ಲಿ ಕೇಳೋದೇನಿದೆ? ಮನೆಗೆ ಬೆಂಕಿ ಬಿದ್ದಾಗ ಮೊದ್ಲು ನಮ್ಮನೆ ಆರಿಸ್ಕೋಬೇಕು.”

“ಬೆಂಕಿ ಹಚ್ಚಿದವಳು ಇವಳೇ ಅಲ್ವೇನಮ್ಮ,” ಅಂದ ತಮ್ಮ. ನಗುತ್ತಲೇ ಅಂದ, ಆದರೂ ಚುಚ್ಚಿತು. ಆಮೇಲೆ ನನ್ನ ಕಡೆ ತಿರುಗಿದ. “ನನ್ನನ್ನ ಕೇಳ್ಬೇಡ ಅಕ್ಕ. ನಾನು ಬೇಗ ಲಾರಿ ಹತ್ತಬೇಕು ಅಂತಾನೇ ಹೇಳ್ತೀನಿ. ಫ್ಯಾನ್ ರಿಪೇರಿಯಿಂದ ಹೊಟ್ಟೆ ತುಂಬಲ್ಲ. ನೀನು ಬೇರೆ ಏನಾದ್ರೂ ಬರೆದ್ರೆ ನನಗೆ ಸಿಟ್ಟು ಬರುತ್ತೆ. ಬಂದ್ರೆ ಬರ್ಲಿ, ನಿನಗೇನು ಹೊಸದಾ?”

ಇದಕ್ಕೇನು ಅರ್ಥ? ಬರೆ ಅಂದನೋ, ಬೇಡ ಅಂದನೋ? ಬಸ್ಸಿನಲ್ಲಿ ಬರುವಾಗ ಮಾತನ್ನು ಹಿಂದೆ ಮುಂದೆ ಮಾಡಿ ನೋಡಿದೆ. ಗೊತ್ತಾಗಲಿಲ್ಲ.

ಏಪ್ರಿಲ್ ೭, ಸೋಮವಾರ

ಬರೆದುಕೊಟ್ಟೆ. ಹನ್ನೆರಡೂ ಹೆಸರು, ದಿನಾಂಕ, ಸಾಲು. ‘ಈ ಸಂದರ್ಭಗಳಲ್ಲಿ ನಾಯಿ ಕುಳಿತದ್ದು ವಾಸನೆಯಿಂದ ಎಂದು ನಾನು ಖಚಿತವಾಗಿ ಹೇಳಲಾರೆ. ನನ್ನ ಅನುಮಾನದಿಂದ ಕುಳಿತಿರಬಹುದು.’ ಹದಿಮೂರನೆಯ ಸಾಲಿನಲ್ಲಿ, ಮಾರ್ಚ್ ನಾಲ್ಕರಂದು ನಾನು ಸಂಬಂಧಿ ಎಂದು ಬರೆದುಕೊಡಲಿಲ್ಲ ಎಂದೂ ಸೇರಿಸಿದೆ.

ಧೈರ್ಯವೇನೂ ಅಲ್ಲ. ಒಂದೇ ಹೆಸರು ಬರೆದಾಗಲೆಲ್ಲ ಕೈ ಹಾಳೆ ಹರಿಯುತ್ತಿತ್ತು, ಅಷ್ಟೇ.

ಸಾಹೇಬರು ಓದಿ, ಕನ್ನಡಕ ತೆಗೆದು, ಕಣ್ಣೊರೆಸಿಕೊಂಡರು. “ಹಗ್ಗ ಕೊಟ್ಟು ಕೈ ಕಟ್ಟಿಸ್ಕೊಂಡ್ರಲ್ಲಮ್ಮ,” ಅಂದರು. ಆದರೆ ಕಾಗದವನ್ನು ಮೇಲಕ್ಕೆ ಕಳಿಸಿದರು.

ಏಪ್ರಿಲ್ ೯, ಬುಧವಾರ

ಪ್ರಶಸ್ತಿ ರದ್ದು. ಜೀರಿಗೆಯನ್ನು ನನ್ನಿಂದ ತೆಗೆದು ಮೇಷ್ಟ್ರ ಬಳಿ ಮರುತರಬೇತಿಗೆ ಕಳಿಸಿದರು. ವ್ಯಾನಿನ ಕಿಟಕಿಯಿಂದ ನನ್ನನ್ನೇ ನೋಡುತ್ತಿದ್ದಳು. ನಾನೇನು ಹೇಳುತ್ತೇನೋ ಎಂದು ಕಾಯುತ್ತಿದ್ದಳು, ಪಾಪ. ಮುಖ ತಿರುಗಿಸಿಕೊಂಡು ಗೋದಾಮಿನ ಹಿಂದೆ ಹೋಗಿ ಅತ್ತೆ. ನನ್ನನ್ನು ತೂಕದ ಕೊಠಡಿಗೆ ಹಾಕಿದ್ದಾರೆ, ಲಾರಿ ತೂಗಿ ಚೀಟಿ ಕೊಡುವ ಕೆಲಸ.

ಮೇ ೨೨, ಗುರುವಾರ

ಹದಿನೇಳರಲ್ಲಿ ಒಬ್ಬ ಬಿಡುಗಡೆಯಾದ. ಶಾಲೆಯ ಮುಂದೆ ಮಾರುತ್ತಿದ್ದವನಲ್ಲ, ಬೇರೆಯವನು. ಆದರೂ ಅವನ ಡಬ್ಬಿಯಲ್ಲಿ ಮಾಲು ಸಿಕ್ಕಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೆ. ನಾನು ಮಾಡಿದ್ದು ಸರಿಯೋ ತಪ್ಪೋ? ಸಾಹೇಬರು ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ತಮ್ಮ ನನ್ನೊಂದಿಗೆ ಮಾತು ಬಿಟ್ಟು ಆರು ವಾರವಾಯಿತು. ಸಿಟ್ಟು ಬರುತ್ತದೆ ಅಂದಿದ್ದ, ಬಂದಿದೆ.

ಜೂನ್ ೧೭, ಮಂಗಳವಾರ

ಹನ್ನೆರಡು ಜನರ ಮರುತಪಾಸಣೆ ಇವತ್ತು ಶುರುವಾಯಿತು. ಮೊದಲ ಸರದಿ ನನ್ನ ತಮ್ಮನದು. ಪುಡಿ ಬಿಟ್ಟು ಇಪ್ಪತ್ತೆರಡು ತಿಂಗಳಾಯಿತು.

ಆರು ಲಾರಿಗಳ ಸಾಲು. ಐದು ಇಲಾಖೆಯವು, ಒಂದು ಅವನದು; ತಪಾಸಣೆಗೆಂದು ಮಾಲೀಕ ಬೀಗದ ಕೈ ಮತ್ತೆ ಕೊಟ್ಟಿದ್ದನಂತೆ. ಇಲಾಖೆಯದೊಂದರಲ್ಲಿ ಮೇಷ್ಟ್ರೇ ಮಾಲು ಬಚ್ಚಿಟ್ಟಿದ್ದರು. ಜೀರಿಗೆಯನ್ನು ಹಿಡಿದವಳು ಬೇರೆ ಠಾಣೆಯವಳು, ಯಾವ ಲಾರಿ ಯಾರದೆಂದು ಅವಳಿಗೆ ತಿಳಿಯದು. ನಾನು ಕಾಣಿಸಬಾರದು, ನನ್ನ ವಾಸನೆಯೂ ಗಾಳಿಗೆ ಬೀಳಬಾರದು ಎಂದು ಮೇಷ್ಟ್ರು ಹೇಳಿದ್ದರಿಂದ ತೂಕದ ಕೊಠಡಿಯಲ್ಲಿ ಕಿಟಕಿ ಮುಚ್ಚಿಕೊಂಡು ಕುಳಿತೆ. ನಲವತ್ತು ನಿಮಿಷ. ಗೋಡೆಯ ಬಿರುಕುಗಳನ್ನೆಲ್ಲ ಎಣಿಸಿದೆ.

ದುಭಾಷಿ ಬಂದು ಹೇಳಿದರು. ಜೀರಿಗೆ ಕುಳಿತದ್ದು ಒಂದೇ ಕಡೆ, ಮಾಲಿದ್ದ ಐದನೆಯ ಲಾರಿಯ ಬಳಿ. ತಮ್ಮನ ಲಾರಿಯನ್ನು ಎರಡು ಸಲ ಸುತ್ತಿ, ಮುಂದಕ್ಕೆ ಹೋದಳಂತೆ. ಆಚೆ ದೇಶದವರೂ ಸಹಿ ಹಾಕಿದರಂತೆ. ಈ ಗಡಿಯ ಮಟ್ಟಿಗೆ ಅವನು ಇವತ್ತೇ ದಾಟಬಹುದು, ಉಳಿದ ಗಡಿಗಳ ಕಾಗದ ಇನ್ನೂ ಬರಬೇಕು.

ಸ್ವಲ್ಪ ಹೊತ್ತಿಗೆ ತಮ್ಮ ತೂಕದ ಚೀಟಿಗಾಗಿ ಕೊಠಡಿಗೆ ಬಂದ. ಎರಡು ತಿಂಗಳ ಮೇಲೆ ಎದುರುಬದುರಾದೆವು.

“ನಾಯಿ ಏನಂತು?” ಅಂದ.

“ಏನೂ ಅನ್ಲಿಲ್ಲ.”

“ನೀನೇನಂತೀಯ?”

ನಂಬುತ್ತೇನೆ ಎಂದು ಹೇಳಲು ಬಾಯಿ ತೆರೆದೆ. ನಾಯಿ ಕೂರಲಿಲ್ಲ, ಮೇಷ್ಟ್ರು ಒಪ್ಪಿದರು, ಪಕ್ಕದ ದೇಶವೂ ಒಪ್ಪಿತು. ಆದರೂ ಎದೆಯೊಳಗೆ ಅದು ಹಾಗೆಯೇ ಕುಳಿತಿದೆ. ನಾಚಿಕೆಯಾಯಿತು.

“ಭಯ ಹೋಗಿಲ್ಲ ಕಣೋ,” ಅಂದೆ. “ಯಾರು ಏನು ಹೇಳಿದ್ರೂ ಹೋಗ್ತಿಲ್ಲ. ನೀನು ಮತ್ತೆ ಶುರು ಮಾಡ್ಬಿಟ್ರೆ ಅಂತ ದಿನಾ ಹೆದರ್ತೀನಿ. ಏನು ಮಾಡ್ಲಿ ಹೇಳು.”

ರೇಗುತ್ತಾನೆ ಅಂದುಕೊಂಡೆ. ಅವನು ಹೊಸ್ತಿಲ ಮೇಲೆ ಕುಳಿತುಬಿಟ್ಟ.

“ನನಗೂ ಹೋಗಿಲ್ಲ ಅಕ್ಕ. ಬೆಳಿಗ್ಗೆ ಎದ್ದ ತಕ್ಷಣ ಮೊದ್ಲು ನನ್ನನ್ನ ನಾನೇ ತಪಾಸಣೆ ಮಾಡ್ಕೋತೀನಿ. ಇವತ್ತು ಬೇಕು ಅನ್ನಿಸ್ತಿದ್ಯಾ, ಎಷ್ಟು ಅನ್ನಿಸ್ತಿದೆ ಅಂತ. ಯಾರಿಗೂ ಹೇಳಿಲ್ಲ. ಅಮ್ಮಂಗೆ ಹೇಳಿದ್ರೆ ಅಳ್ತಾಳೆ. ನಿನಗೆ ಹೇಳಿದ್ರೆ ಆಸ್ಪತ್ರೆಗೆ ಎಳ್ಕೊಂಡು ಹೋಗ್ತೀಯ.”

“ಇವತ್ತು?”

“ಇವತ್ತು ಸ್ವಲ್ಪ ಅನ್ನಿಸ್ತು. ಸಾಲಲ್ಲಿ ನಿಂತಿದ್ದಾಗ. ಈಗಿಲ್ಲ.”

ನಾನು ಅವನನ್ನು ಎಳೆದುಕೊಂಡು ಎಲ್ಲಿಗೂ ಹೋಗಲಿಲ್ಲ. ಚೀಟಿ ಬರೆದು ಕೈಗಿಟ್ಟೆ. “ನಾಳೆ ಬೆಳಿಗ್ಗೆ ಫೋನ್ ಮಾಡಿ ಹೇಳು. ಸ್ವಲ್ಪವೇ ಆದ್ರೂ ಹೇಳು. ನಾನು ಬರೀ ಕೇಳಿಸ್ಕೋತೀನಿ,” ಅಂದೆ. ಕೇಳಿಸಿಕೊಂಡು ಸುಮ್ಮನಿರಲು ನನ್ನಿಂದಾಗುತ್ತದೆಯೋ ಇಲ್ಲವೋ, ಗೊತ್ತಿಲ್ಲ.

ಲಾರಿ ಗೇಟಿನ ಮುಂದೆ ಬಂದು ನಿಂತಿತು. ಗೇಟಿನವನು ಊಟಕ್ಕೆ ಹೋಗಿದ್ದ. ಹಿಂದಿನವರು ಹಾರ್ನ್ ಬಾರಿಸತೊಡಗಿದರು. ಗೇಟು ಎತ್ತುವ ಗುಂಡಿ ನಾನೇ ಒತ್ತಿದೆ.